ಹಲ್ಲಿನ ಮೇಲಿನ ದೂಳು

ಜನವರಿ ೧೮

ನಾದಿನಿಗೆ,

ಅಕ್ಷರ ಯಾರದ್ದೆಂದು ಲಕೋಟೆ ನೋಡಿದಾಗಲೇ ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಪಕ್ಕಕ್ಕಿಟ್ಟರೂ ನನ್ನ ತಕರಾರಿಲ್ಲ. ನಿನ್ನ ಅಕ್ಕ ಹೋಗಿ ಎರಡು ವರ್ಷವಾಯಿತು. ಅಷ್ಟೂ ಕಾಲ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಹಾಗೆಂದು ಯಾರ ಕೆಲಸವೂ ನಿಂತಿಲ್ಲ. ಜನ ಹಲ್ಲು ಕಳೆದುಕೊಳ್ಳುತ್ತಲೇ ಇದ್ದಾರೆ, ನಾನು ಮಾಡಿಕೊಡುತ್ತಲೇ ಇದ್ದೇನೆ.

ನಿನ್ನೆ ದಂತವೈದ್ಯರೊಬ್ಬರು ರಿಪೇರಿಗೆಂದು ಹಲ್ಲಿನ ಸೆಟ್ಟೊಂದನ್ನು ಪೇಪರಿನಲ್ಲಿ ಸುತ್ತಿ ಕಳಿಸಿದ್ದರು. ಬಿಚ್ಚಿದರೆ ಪೇಪರಿನಲ್ಲಿ ನೀನು. ಬಿಳಿ ಕೋಟು ಹಾಕಿಕೊಂಡು ಸೂಕ್ಷ್ಮದರ್ಶಕದ ಪಕ್ಕ ನಿಂತಿದ್ದೀಯ. ಈಗಲೂ ಬಾಯಿ ಮುಚ್ಚಿಕೊಂಡೇ ನಗುತ್ತೀಯ. ಮೇಲೆ ದಪ್ಪ ಅಕ್ಷರದಲ್ಲಿ ‘ಶ್ವಾಸಕೋಶ ಸುಡುವ ಕಿಡಿ ಪತ್ತೆ’ ಎಂದಿದೆ. ನಮ್ಮ ಜೀವಕೋಶಗಳ ಒಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಪುಟ್ಟ ಒಲೆಗಳಿವೆಯಂತೆ. ಅವುಗಳಿಂದ ಸಿಡಿಯುವ ಕಿಡಿಗೆ ಶ್ವಾಸಕೋಶ ಗಟ್ಟಿಯಾಗುತ್ತದಂತೆ. ಆ ಕಿಡಿ ಆರಿಸುವ ಗುಳಿಗೆ ಔಷಧದ ಅಂಗಡಿಯಲ್ಲೇ ಸಿಗುತ್ತದಂತೆ. ಕೊನೆಯ ಸಾಲುಗಳು ಸೆಟ್ಟಿನ ಒದ್ದೆಗೆ ಅಳಿಸಿಹೋಗಿದ್ದವು.

ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. ಆ ಗುಳಿಗೆ ಕೊಟ್ಟಿದ್ದರೆ ನಿನ್ನ ಅಕ್ಕ ಬದುಕುತ್ತಿದ್ದಳೇ? ಇನ್ನೊಂದು ಮಾತು. ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳ ಬಟ್ಟೆಯ ಚೀಲವನ್ನು ನನ್ನ ಕೈಗೆ ತುರುಕಿ, “ನೀವೇ ಕೊಂದಿದ್ದು ಅವಳನ್ನ, ನಿಮ್ಮ ದೂಳೇ ಕೊಂದಿದ್ದು” ಅಂದೆಯಲ್ಲ. ಅದು ಸಂಕಟದಲ್ಲಿ ಬಾಯಿಗೆ ಬಂದ ಮಾತೋ, ಇಷ್ಟೆಲ್ಲ ಓದಿ ನೋಡಿದ ಮೇಲೂ ಅದೇ ಮಾತೋ? ಯಾವುದಾದರೂ ಸರಿ, ನನಗೆ ತಿಳಿಯಬೇಕು.

ನಿನ್ನ ಬಾಯಿಯ ಪ್ಲಾಸ್ಟರ್ ಅಚ್ಚು ಇನ್ನೂ ಕಪಾಟಿನ ಮೇಲೆ ಇದೆ. ಅವಳು ಬಟ್ಟೆ ಸುತ್ತಿಟ್ಟ ಹಾಗೆಯೇ ಇದೆ, ನಾನು ಮುಟ್ಟಿಲ್ಲ.

ಇಂತಿ,
ನಿನ್ನ ಭಾವ


ಫೆಬ್ರವರಿ ೩

ಭಾವನಿಗೆ,

ಪತ್ರ ಒಡೆದೆ, ಓದಿದೆ.

ಪೇಪರಿನವರು ಬಂದಿದ್ದು ನಿಜ. ನಾನು ಹೇಳಿದ್ದರಲ್ಲಿ ಅರ್ಧವನ್ನು ಬಿಟ್ಟಿದ್ದಾರೆ, ಹೇಳದೇ ಇದ್ದ ಗುಳಿಗೆಯನ್ನು ಸೇರಿಸಿದ್ದಾರೆ. ಆ ಗುಳಿಗೆಯಿಂದ ಅಕ್ಕ ಬದುಕುತ್ತಿರಲಿಲ್ಲ. ಇದನ್ನು ನಾನು ಅಳುಕಿಲ್ಲದೆ ಹೇಳಬಲ್ಲೆ. ಕೊಡಬಹುದಿತ್ತು, ಕೊಡಲಿಲ್ಲ ಎಂದು ಕೊರಗುವಂಥದ್ದು ಅದರಲ್ಲಿ ಏನೂ ಇಲ್ಲ.

ನೀವು ಆ ಗುಳಿಗೆ ತಂದಿದ್ದೀರಾ? ತಂದಿದ್ದರೆ ಯಾರಿಗೆ?

ಅಚ್ಚನ್ನು ಎಸೆಯಬಹುದು. ಇಷ್ಟು ದಿನಕ್ಕೆ ಬಾಯಿ ಬದಲಾಗಿರುತ್ತದೆ.

ಇಂತಿ,
ನಿಮ್ಮ ನಾದಿನಿ


ಫೆಬ್ರವರಿ ೧೬

ನಾದಿನಿಗೆ,

ಬಾಯಿ ಬದಲಾಗುತ್ತದೆ ಎಂದು ನನಗೇ ಪಾಠ ಹೇಳುತ್ತೀಯಲ್ಲ. ಹಲ್ಲು ಹೋದ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಇಳಿಯುತ್ತದೆ. ಅದು ನನ್ನ ಅನ್ನ, ಗೊತ್ತಿದೆ. ಆದರೂ ಎಸೆಯುವುದಿಲ್ಲ.

ಗುಳಿಗೆ ತಂದಿದ್ದು ಪಾಲಿಶ್‌ಗೆ. ನಿನಗೆ ಅವನ ನೆನಪಿರಬೇಕು. ನಮ್ಮ ಜೊತೆ ಕೆಲಸಕ್ಕೆ ಸೇರಿದಾಗ ಮೀಸೆ ಕಪ್ಪಗಿತ್ತು, ಈಗ ಪೂರ್ತಿ ನರೆತಿದೆ. ಹೊಳಪು ಕೊಡುವ ಕೆಲಸ ಮಾಡುತ್ತಿದ್ದನೆಂದು ನಿನ್ನ ಅಕ್ಕ ಇಟ್ಟ ಹೆಸರು ಹಾಗೇ ನಿಂತುಬಿಟ್ಟಿತು. ಈಗ ಅವನು ಹೊಳಪು ಕೊಡುವುದಿಲ್ಲ, ಹಲ್ಲನ್ನು ಮೊದಲು ಮೇಣದಲ್ಲಿ ಮಾಡಿ ನೋಡುವ ಕೆಲಸ ನೋಡಿಕೊಳ್ಳುತ್ತಾನೆ. ಉಜ್ಜುವ ಚಕ್ರದ ಮುಂದೆ ನಾನು ಕೂರುತ್ತೇನೆ. ಆದರೂ ಕೋಣೆ ಒಂದೇ, ಗಾಳಿ ಒಂದೇ. ಅವನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅದಕ್ಕೇ ಬೆಳಿಗ್ಗೆ ಒಂದು, ಸಂಜೆ ಒಂದು ನುಂಗಿಸುತ್ತೇನೆ. “ಅಣ್ಣಾ, ಇದು ತಿಂದ್ರೆ ಬಾಯೆಲ್ಲ ಕೊಳೆತ ಮೊಟ್ಟೆ ವಾಸನೆ” ಎಂದು ಗೊಣಗುತ್ತಾನೆ, ಆದರೂ ನುಂಗುತ್ತಾನೆ. ನನಗೆ ಅದರ ಅಗತ್ಯವಿಲ್ಲ.

ಅಚ್ಚು ಯಾಕೆ ಎಸೆಯುವುದಿಲ್ಲ ಗೊತ್ತೇ? ನಿನ್ನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಇಳಿಜಾರಿನಲ್ಲಿ ಬೀಳಿಸಿದವಳು ಅವಳೇ. ನಿನ್ನ ಹಲ್ಲು ಹೋಗಿದ್ದು ಅವತ್ತು, ನಿನಗೆ ಬೊಚ್ಚಿ ಎಂಬ ಹೆಸರು ಬಿದ್ದಿದ್ದೂ ಅವತ್ತು. ಅವಳು ಈ ಕಸುಬಿಗೆ ಬಂದಿದ್ದೇ ಆ ಒಂದು ಹಲ್ಲಿನಿಂದ ಎಂದು ಮದುವೆಯಾದ ಹೊಸದರಲ್ಲಿ ನನ್ನ ಹತ್ತಿರ ಹೇಳಿದ್ದಳು. ಕಂಡಕಂಡವರಿಗೆಲ್ಲ ಹಲ್ಲು ಕೊಟ್ಟಳು. ನಿನ್ನದು ಮಾತ್ರ “ಪುರುಸೊತ್ತಾಗಿ ಮಾಡ್ತೀನಿ, ಅವಸರದಲ್ಲಿ ಮಾಡೋ ಹಲ್ಲಲ್ಲ ಅದು” ಎಂದು ಉಳಿದುಕೊಂಡಿತು.

ನಾನು ಕೇಳಿದ ಎರಡನೆಯದಕ್ಕೆ ನೀನು ಉತ್ತರ ಬರೆದಿಲ್ಲ.

ಇಂತಿ,
ನಿನ್ನ ಭಾವ

(ಲಕೋಟೆಯ ಹಿಂಬದಿಯಲ್ಲಿ, ಬೇರೆ ಕೈಬರಹದಲ್ಲಿ)
ಮೇಡಂ, ಪೋಸ್ಟಿಗೆ ಹಾಕಲು ನನ್ನ ಕೈಗೆ ಕೊಟ್ಟರು. ಅಣ್ಣ ತುಂಬಾ ಕೆಮ್ಮುತ್ತಾರೆ. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು ಗೋಡೆ ನೋಡುತ್ತಾರೆ. ನಾನು ಹೇಳಿದೆ ಎಂದು ಹೇಳಬೇಡಿ. — ಪಾಲಿಶ್


ಮಾರ್ಚ್ ೯

ಭಾವನಿಗೆ,

ನಿಮ್ಮ ಪತ್ರದಲ್ಲಿ ಕೆಮ್ಮಿನ ಸುದ್ದಿ ಇರಲಿಲ್ಲ. ಆದರೆ ನನಗೆ ಗೊತ್ತಾಗಿದೆ. ಹೇಗೆ ಎಂದು ಯೋಚಿಸುತ್ತ ಕೂರಬೇಡಿ, ಯಾರನ್ನೂ ಬೈಯಬೇಡಿ.

ಪೇಪರಿನವರು ಬಿಟ್ಟ ಅರ್ಧವನ್ನು ನಾನೇ ಬರೆಯುತ್ತೇನೆ. ನಿಮ್ಮ ಮೇಜಿನ ಕೆಳಗೆ ಹೈಡ್ರೋಜನ್ ಪೆರಾಕ್ಸೈಡಿನ ಕಂದು ಬಾಟಲಿ ಇರುತ್ತದಲ್ಲ, ಹಳೆಯ ಸೆಟ್ಟುಗಳ ಕಲೆ ತೆಗೆಯುವುದು. ಅದನ್ನೇ ನಮ್ಮ ಜೀವಕೋಶಗಳೂ ತಯಾರಿಸುತ್ತವೆ. ಮೈಟೊಕಾಂಡ್ರಿಯ ಆಮ್ಲಜನಕದ ಸಹಾಯದಿಂದ ಆಹಾರವನ್ನು ಉರಿಸಿ ಶಕ್ತಿ ಮಾಡುವಾಗ, ಕೊಂಚ ಆಮ್ಲಜನಕ ಅರೆಬೆಂದು ಆಚೆ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಸುಮ್ಮನಿರಲು ಬರುವುದಿಲ್ಲ, ಸಿಕ್ಕಿದ್ದರ ಮೇಲೆಲ್ಲ ಬೀಳುತ್ತದೆ. ಪೆರಾಕ್ಸೈಡ್ ಆಗುವುದು ಅದರಿಂದಲೇ. ಅದು ಅತಿಯಾದರೆ ಕೋಶವನ್ನೇ ಸುಡುತ್ತದೆ. ಆದರೆ ಒಂದಿಷ್ಟೇ ಇದ್ದರೆ ಅಕ್ಕಪಕ್ಕಕ್ಕೆ ಸುದ್ದಿ ಮುಟ್ಟಿಸುತ್ತದೆ. ಇಲ್ಲಿ ಪೆಟ್ಟಾಗಿದೆ, ರಿಪೇರಿ ಶುರುಮಾಡಿ ಎಂಬ ಸುದ್ದಿ. ಪೇಪರಿನವರು ಸುಡುವುದನ್ನು ಬರೆದರು, ಸುದ್ದಿಯನ್ನು ಬಿಟ್ಟರು.

ಈಗ ದೂಳಿಗೆ ಬರುತ್ತೇನೆ. ಶ್ವಾಸಕೋಶದಲ್ಲಿ ಕಾವಲು ಕೋಶಗಳಿವೆ, ಒಳಗೆ ಬಂದ ಕಸವನ್ನು ನುಂಗುವುದು ಅವುಗಳ ಕೆಲಸ. ನಿಮ್ಮ ಚಕ್ರದಿಂದ ಏಳುವ ಲೋಹದ, ಮರಳಿನ ಕಣವನ್ನೂ ನುಂಗುತ್ತವೆ, ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ. ಅವುಗಳ ಒಲೆ ಕೆಡುತ್ತದೆ, ಪೆರಾಕ್ಸೈಡ್ ಉಕ್ಕುತ್ತದೆ, ಪೆಟ್ಟಾಗಿದೆ ಎಂಬ ಸುದ್ದಿ ಹೊರಡುತ್ತದೆ. ಕೊನೆಗೆ ಕಾವಲು ಕೋಶ ಸಾಯುತ್ತದೆ, ಕಣ ಹಾಗೇ ಉಳಿಯುತ್ತದೆ. ಇನ್ನೊಂದು ಬಂದು ಅದನ್ನೇ ನುಂಗುತ್ತದೆ. ಮತ್ತೆ ಅದೇ ಸುದ್ದಿ. ರಿಪೇರಿ ಮಾಡುವ ಕೋಶಗಳು ಪಾಪ, ಕರೆ ಬಂದಾಗಲೆಲ್ಲ ಬಂದು ನಾರು ಹಾಕುತ್ತವೆ. ನಿಲ್ಲಿಸಿ ಎಂದು ಹೇಳುವವರಿಲ್ಲ. ಕೊನೆಗೆ ಗಾಳಿ ತುಂಬಬೇಕಾದ ಜಾಗವೆಲ್ಲ ಗಾಯದ ಕಲೆಯಾಗುತ್ತದೆ. ಅಕ್ಕನ ಎದೆಯ ಚಿತ್ರದಲ್ಲಿ ನಾವಿಬ್ಬರೂ ನೋಡಿದ್ದು ಅದನ್ನೇ.

ಹಾಗಾದರೆ ಕಿಡಿ ಪೂರ್ತಿ ಆರಿಸಿದರೇನು ಎನ್ನುತ್ತೀರಿ. ಅದನ್ನೂ ಮಾಡಿದೆವು. ತಟ್ಟೆಯಲ್ಲಿ ಕೋಶಗಳನ್ನು ಚಾಪೆಯ ಹಾಗೆ ಬೆಳೆಸಿ, ಸೂಕ್ಷ್ಮ ಮೊನೆಯಿಂದ ಒಂದು ಗೀರು ಎಳೆಯುತ್ತೇವೆ. ಸುಮ್ಮನೆ ಬಿಟ್ಟರೆ ಮರುದಿನಕ್ಕೆ ಎರಡು ದಡದ ಕೋಶಗಳೂ ಸರಿದು ಬಂದು ಗೀರು ಮುಚ್ಚುತ್ತವೆ. ಕಿಡಿಯನ್ನು ಒಂದೂ ಉಳಿಯದಂತೆ ಆರಿಸುವ ಮದ್ದು ಹಾಕಿದ ತಟ್ಟೆಯಲ್ಲಿ ಗೀರು ಹಾಗೇ ಬಾಯಿ ತೆರೆದುಕೊಂಡು ಕೂತಿತ್ತು. ಸುದ್ದಿಯೇ ಹೋಗದಿದ್ದರೆ ಯಾರು ಬರುತ್ತಾರೆ? ಯಾವ ಒಲೆಯ ಕಿಡಿಯನ್ನು, ಯಾವಾಗ, ಎಷ್ಟು ತಗ್ಗಿಸಬೇಕು ಎಂಬುದನ್ನು ನಾವಿನ್ನೂ ಹುಡುಕುತ್ತಿದ್ದೇವೆ. ಅಂಗಡಿಯ ಗುಳಿಗೆಯನ್ನು ರೋಗಿಗಳಿಗೆ ಕೊಟ್ಟು ನೋಡಿದವರಿದ್ದಾರೆ, ನಿರೀಕ್ಷಿಸಿದ ಗುಣ ಸಿಗಲಿಲ್ಲ. ಪಾಲಿಶ್‌ಗೆ ನಿಲ್ಲಿಸಲು ಹೇಳಿ.

ನಮ್ಮ ಕೈಲಿರುವುದು ಒಂದೇ, ದೂಳು ಒಳಗೆ ಹೋಗದಂತೆ ನೋಡಿಕೊಳ್ಳುವುದು. ಅಕ್ಕ ಮಾಸ್ಕ್ ಹಾಕುತ್ತಿದ್ದಳಲ್ಲ, ಆದರೂ ಹೇಗೆ ಹೋಯಿತು ಎಂದು ತಲೆ ಕೆಡಿಸಿಕೊಂಡು ಕೂತಿದ್ದೆ. ಮೊನ್ನೆ ಕೈ ತೊಳೆಯುತ್ತಿದ್ದಾಗ ನೆನಪಾಯಿತು. ಒಂದು ಹಲ್ಲು ಉಜ್ಜಿ ಮುಗಿದ ತಕ್ಷಣ ಅವಳು ಮಾಸ್ಕನ್ನು ಗಲ್ಲಕ್ಕೆ ಎಳೆಯುತ್ತಿದ್ದಳು, ಹಲ್ಲನ್ನು ಬಾಯಿಯ ಹತ್ತಿರ ತಂದು ಫೂ ಎಂದು ದೂಳು ಊದಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಊದಿದ ಮೇಲೆ ಉಸಿರು ಎಳೆದುಕೊಳ್ಳಲೇಬೇಕಲ್ಲ, ಆ ದೂಳಿನ ಮಧ್ಯದಲ್ಲೇ. ದಿನಕ್ಕೆ ಎಷ್ಟು ಸಲವೋ. ನೀವೂ ಹಾಗೇ ಮಾಡುತ್ತೀರಾ?

ಎದೆಯ ಡಾಕ್ಟರಿಗೆ ತೋರಿಸಿ ಭಾವ. ತಡ ಮಾಡಬೇಡಿ.

ಇಂತಿ,
ನಿಮ್ಮ ನಾದಿನಿ


ಮಾರ್ಚ್ ೨೨

ನಾದಿನಿಗೆ,

ಇಷ್ಟುದ್ದ ಪತ್ರ ನನಗೆ ಯಾರೂ ಬರೆದಿರಲಿಲ್ಲ. ಪಾಲಿಶ್‌ಗೂ ಓದಿ ಹೇಳಿದೆ. ಗುಳಿಗೆ ತಪ್ಪಿತೆಂದು ಅವನಿಗೆ ಖುಷಿ.

ಹೌದು, ನಾನೂ ಹಾಗೇ ಊದುತ್ತೇನೆ. ನನಗೆ ಕಲಿಸಿದ ಮೇಸ್ತ್ರಿಯೂ ಊದುತ್ತಿದ್ದರು. ಊದದೆ ಅಂಚು ಕಾಣುವುದಿಲ್ಲ, ಅಂಚು ಕಾಣದೆ ಹಲ್ಲು ಕೂರುವುದಿಲ್ಲ. ನಿನ್ನ ಅಕ್ಕ ಪೆನ್ಸಿಲ್ ಹಿಡಿದು ಲೆಕ್ಕ ಕಲಿತಿದ್ದು ಬೇರೆಲ್ಲೋ, ಊದುವುದನ್ನು ಕಲಿತಿದ್ದು ನನ್ನ ಪಕ್ಕದ ಸ್ಟೂಲಿನ ಮೇಲೆ. ಹಾಗಾಗಿ ನಿನ್ನ ಪತ್ರ ಓದಿದ ಮೇಲೆ ನನಗೆ ನಾನೇ ಉತ್ತರ ಹೇಳಿಕೊಳ್ಳಬಹುದು. ಆದರೆ ನಾನು ಕೇಳಿದ್ದು ನಿನ್ನನ್ನು. ಕೋಶ ಏನು ಮಾಡುತ್ತದೆ, ಒಲೆ ಏನು ಮಾಡುತ್ತದೆ ಎಂದೆಲ್ಲ ಬರೆದೆ. ನಾನು ಏನು ಮಾಡಿದೆ ಎಂಬುದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಉತ್ತರ ಕೊಟ್ಟಿದ್ದೀಯ.

ಡಾಕ್ಟರ ಹತ್ತಿರ ಹೋಗುವುದಿಲ್ಲ. ಈಗ ನಾನು ಕೂರುವುದು ಅವಳ ಸ್ಟೂಲಿನ ಮೇಲೆ, ಅವಳ ಚಕ್ರದ ಮುಂದೆ. ಆ ಜಾಗದಲ್ಲಿ ಪಾಲಿಶ್ ಕೂರಬೇಕಿತ್ತು, ನಾನು ಬಿಡಲಿಲ್ಲ. ಅವಳ ಎದೆಗೆ ಹೋಗಿದ್ದು ನನ್ನ ಎದೆಗೂ ಹೋಗಲಿ. ಅದರಲ್ಲಿ ಯಾರಿಗೂ ನಷ್ಟವಿಲ್ಲ. ಇದರ ಮೇಲೆ ಏನೂ ಕೇಳಬೇಡ.

ಇಂತಿ,
ಭಾವ


ಏಪ್ರಿಲ್ ೪

ಭಾವನಿಗೆ,

ಕೇಳಬೇಡ ಎಂದರೂ ಕೇಳುವವಳು ನಾನು, ಅದು ನಿಮಗೆ ನಿಮ್ಮ ಮದುವೆಯ ದಿನದಿಂದ ಗೊತ್ತು.

ನಿಮ್ಮ ಪತ್ರ ಓದಿದ ದಿನ ನನಗೆ ಕೆಲಸ ಓಡಲಿಲ್ಲ. ತಟ್ಟೆಗಳಲ್ಲಿ ಕೋಶಗಳಿಗೆ ಹಾಕುವ ಪೋಷಕ ದ್ರವ ಬದಲಿಸುವುದನ್ನೂ ಮರೆತೆ. ಒಂದು ಇಡೀ ಸಾಲಿನ ಕೋಶಗಳು ಸತ್ತುಹೋದವು. ನಮ್ಮ ಮುಖ್ಯಸ್ಥರು ಬಂದು, “ಏನಾಗಿದೆ ನಿಮಗೆ?” ಎಂದರು. ಮನೆಯಲ್ಲಿ ಹುಷಾರಿಲ್ಲ ಎಂದೆ. ಯಾರಿಗೆ ಎಂದು ಕೇಳಿದರು. ನಮ್ಮ ಭಾವನಿಗೆ ಎಂದೆ. ಎರಡು ವರ್ಷದ ಮೇಲೆ ಆ ಮಾತು ಬಾಯಿಂದ ಬಂತು.

ಒಂದು ಕರಾರು. ನೀವು ಎದೆ ತೋರಿಸಿ, ನಾನು ಬಾಯಿ ತೋರಿಸುತ್ತೇನೆ. ನೀವು ಡಾಕ್ಟರ ಹತ್ತಿರ ಹೋಗಿ ಬಂದ ಚೀಟಿಯ ನಕಲು ನನ್ನ ಕೈ ಸೇರಿದ ವಾರವೇ ನಾನು ರೈಲು ಹತ್ತುತ್ತೇನೆ. ಅಕ್ಕ ಬಾಕಿ ಉಳಿಸಿದ ಹಲ್ಲು ನನಗೆ ಬೇಕು. ನೀವು ಹೋಗದಿದ್ದರೆ ನಾನು ಹೀಗೇ ಬಾಯಿ ಮುಚ್ಚಿಕೊಂಡು ನಗುತ್ತೇನೆ, ಸಾಯುವವರೆಗೂ ಬೊಚ್ಚಿಯಾಗಿಯೇ ಇರುತ್ತೇನೆ. ಅವಳು ಸುಮ್ಮನಿರುತ್ತಾಳೆ ಅಂದುಕೊಂಡಿದ್ದೀರಾ?

ಇದರ ಜೊತೆ ಒಂದು ರಬ್ಬರ್ ಬಲ್ಬು ಕಳಿಸಿದ್ದೇನೆ. ನಾವು ಗಾಜಿನ ಕೊಳವೆಗೆ ದ್ರವ ಎಳೆಯಲು ಬಳಸುವುದು. ಹಿಚುಕಿದರೆ ಗಾಳಿ ಬರುತ್ತದೆ. ಇದೂ ಊದಿದ ಮೇಲೆ ದೂಳು ಎಳೆದುಕೊಳ್ಳುತ್ತದೆ, ಆದರೆ ಇದಕ್ಕೆ ಎದೆಯಿಲ್ಲ, ನಾದಿನಿಯಿಲ್ಲ. ಮಾಸ್ಕ್ ತೆಗೆಯದೆ ಇದರಿಂದ ಊದಿ. ದೂಳು ಹೀರುವ ಯಂತ್ರವನ್ನೂ ಹಾಕಿಸಿ.

ನಿಮ್ಮ,
ಬೊಚ್ಚಿ


ಜೂನ್ ೨೭

ಬೊಚ್ಚಿಗೆ,

ಚೀಟಿಯ ನಕಲು ಇದರೊಳಗಿದೆ. ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ, ಹೋಗಲು ಕಾಲೇ ಬರಲಿಲ್ಲ. ಪಾಲಿಶ್ ಒಂದು ಬೆಳಿಗ್ಗೆ ವರ್ಕ್‌ಶಾಪಿಗೆ ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿ, “ಅಣ್ಣಾ, ಆಸ್ಪತ್ರೆಗೆ ಹೋಗಿ ಬಂದ್ರೆ ಬಾಗಿಲು, ಇಲ್ಲದಿದ್ರೆ ಇಲ್ಲ” ಎಂದ. ನನ್ನ ವರ್ಕ್‌ಶಾಪಿಗೆ ನನಗೇ ಬೀಗ. ನೀವಿಬ್ಬರೂ ಸೇರಿ ಏನೋ ನಡೆಸಿದ್ದೀರಿ ಎಂದು ನನಗೆ ಗುಮಾನಿ.

ಅಲ್ಲಿ ಒಂದು ಯಂತ್ರದ ಕೊಳವೆ ಬಾಯಿಗೆ ಕೊಟ್ಟು, “ಎಷ್ಟಾಗುತ್ತೋ ಅಷ್ಟು ಜೋರಾಗಿ ಊದಿ, ನಿಲ್ಲಿಸಬೇಡಿ” ಎಂದರು. ಬಾಳೆಲ್ಲ ಊದಿದವನು ನಾನು. ಎದುರಿಗೆ ಹಲ್ಲಿಲ್ಲದೆ ಊದಿದ್ದು ಅದೇ ಮೊದಲು. ಪರದೆಯ ಮೇಲೆ ಗೆರೆ ಏರಿ, ಅರ್ಧಕ್ಕೇ ಸುಸ್ತಾಗಿ ಮಲಗಿತು. ಮೂರು ಸಲ ಊದಿಸಿದರು, ಮೂರು ಸಲವೂ ಅಲ್ಲೇ ಮಲಗಿತು. ಯಂತ್ರ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು, “ಪರವಾಗಿಲ್ಲ ಸರ್, ಚೆನ್ನಾಗಿ ಊದಿದ್ರಿ” ಎಂದಳು. ನನಗೆ ಯಾಕೋ ಅಳು ಬಂತು.

ಎದೆಯ ಚಿತ್ರದಲ್ಲಿ ಎರಡೂ ಕಡೆ ಕೆಳಭಾಗ ಬಲೆ ಹಾಸಿದಂತಿದೆ. ಅವಳದರಷ್ಟು ಮೇಲಕ್ಕೆ ಬಂದಿಲ್ಲ. ಗಟ್ಟಿಯಾಗಿದ್ದು ಮತ್ತೆ ಮೆತ್ತಗಾಗುವುದಿಲ್ಲವಂತೆ. ಆದರೆ ದೂಳು ಇವತ್ತೇ ನಿಂತರೆ, ಮದ್ದು ತೆಗೆದುಕೊಂಡರೆ, ಇನ್ನೂ ಗಟ್ಟಿಯಾಗುವುದು ನಿಧಾನವಾಗಬಹುದಂತೆ. “ಆಗಬಹುದು ಅಂತ ಮಾತ್ರ ಹೇಳ್ತೀನಿ” ಎಂದರು ಡಾಕ್ಟರು. ಅಷ್ಟು ನಿಜ ಹೇಳಿದ್ದಕ್ಕೆ ಅವರ ಮೇಲೆ ನಂಬಿಕೆ ಬಂತು. ಹೀರುವ ಯಂತ್ರ ಹಾಕಿಸಿದ್ದೇನೆ. ಅದು ಓಡದೆ ಉಜ್ಜಕೂಡದೆಂದು ಹೇಳಿ, ಚಕ್ರವನ್ನು ಪಾಲಿಶ್‌ಗೆ ಬಿಟ್ಟುಕೊಟ್ಟೆ. ಸ್ಟೂಲು ಬಿಟ್ಟುಕೊಡಲು ಇನ್ನೂ ಸ್ವಲ್ಪ ದಿನ ಬೇಕು.

ಮೇಣದ ಮೇಜಿಗೆ ಬಂದ ಮೇಲೆ ನಿನ್ನ ಅಚ್ಚಿನ ಬಟ್ಟೆ ಬಿಚ್ಚಿದೆ. ಖಾಲಿ ಜಾಗ ಇರುತ್ತದೆ ಅಂದುಕೊಂಡಿದ್ದೆ. ಅಲ್ಲಿ ಹಲ್ಲಿತ್ತು. ಮೇಣದಲ್ಲಿ ಮಾಡಿ ಮುಗಿಸಿಯೇ ಸುತ್ತಿಟ್ಟಿದ್ದಾಳೆ. ನಿನಗೆ ಗೊತ್ತಲ್ಲ, ಅವಳು ಯಾವ ಸೆಟ್ಟಿನಲ್ಲೂ ಒಂದು ಹಲ್ಲನ್ನು ಕೊಂಚ ಓರೆ ಮಾಡುತ್ತಿದ್ದಳು. “ಎಲ್ಲ ಸಾಲಾಗಿ ನಿಂತ್ರೆ ಅದು ಬಾಯಲ್ಲ, ಅಂಗಡಿ” ಅನ್ನುತ್ತಿದ್ದಳು. ನಿನ್ನದನ್ನೂ ಓರೆ ಮಾಡಿದ್ದಾಳೆ. ನಾನು ಅದನ್ನು ಹಾಗೇ ಗಟ್ಟಿ ಹಲ್ಲಾಗಿ ಮಾಡಿಸುತ್ತೇನೆ, ಆ ಓರೆಯನ್ನು ಒಂದು ಕೂದಲೆಳೆಯಷ್ಟೂ ತಿದ್ದುವುದಿಲ್ಲ.

ಹಲ್ಲನ್ನು ಪೋಸ್ಟಿನಲ್ಲಿ ಕಳಿಸಲು ಬರುವುದಿಲ್ಲ. ಕೂರಿಸಿ ನೋಡಿ ಅಂಚು ಉಜ್ಜಬೇಕು, ಅದಕ್ಕೆ ಬಾಯಿ ಇಲ್ಲಿಗೆ ಬರಬೇಕು. ನಮ್ಮ ದಂತವೈದ್ಯರು ಅವರ ಕುರ್ಚಿ ಕೊಡುತ್ತಾರೆ.

ನಿನ್ನ ಭಾವ


ಜುಲೈ ೩೦

ಭಾವ,

ನಿಮ್ಮಲ್ಲಿಂದ ಬಂದು ನಾಲ್ಕು ದಿನವಾಯಿತು. ನಾಲಿಗೆ ಇನ್ನೂ ಹೋಗಿ ಹೋಗಿ ಆ ಹಲ್ಲನ್ನೇ ಮುಟ್ಟುತ್ತದೆ. ಲ್ಯಾಬಿನಲ್ಲಿ ಪಕ್ಕದ ಮೇಜಿನವಳು, “ಚೆನ್ನಾಗಿದೆ, ಆದ್ರೆ ಸ್ವಲ್ಪ ವಾರೆ ಕೂತಿದೆ ನೋಡಿ, ಸರಿ ಮಾಡಿಸಿ” ಎಂದಳು. ನಕ್ಕೆ. ಬಾಯಿ ತೆರೆದೇ ನಕ್ಕೆ.

ಅಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಅವತ್ತು ಅಂಚು ಒಂದಿಷ್ಟು ಒತ್ತುತ್ತದೆ ಎಂದೆ. ವರ್ಕ್‌ಶಾಪಿಗೆ ಬಂದ ಮೇಲೆ, ಪಾಲಿಶ್ ಕೈ ಚಾಚಿದರೂ ಹಲ್ಲು ಕೊಡದೆ, “ಇದೊಂದು ನಾನೇ” ಎಂದು ನೀವು ಚಕ್ರದ ಮುಂದೆ ಕೂತಿರಿ. ಹೀರುವ ಯಂತ್ರ ಓಡುತ್ತಿತ್ತು. ಮಾಸ್ಕ್ ಸರಿಯಾಗಿತ್ತು. ಬಲ್ಬು ನಿಮ್ಮ ಬಲಗೈ ಪಕ್ಕದಲ್ಲೇ ಇತ್ತು. ಚಕ್ರ ನಿಂತ ಕೂಡಲೇ ನಿಮ್ಮ ಎಡಗೈ ಮೇಲೆ ಹೋಗಿ ಮಾಸ್ಕನ್ನು ಗಲ್ಲಕ್ಕೆ ಎಳೆಯಿತು, ಬಲಗೈ ಹಲ್ಲನ್ನು ತುಟಿಯ ಹತ್ತಿರ ತಂದಿತು. ನಾನು ಕೂಗುವಷ್ಟರಲ್ಲಿ ನೀವೇ ತಡೆದುಕೊಂಡಿರಿ. ಮಾಸ್ಕ್ ಮೇಲೆಳೆದುಕೊಂಡು ಬಲ್ಬು ಹಿಡಿದಿರಿ. ನನ್ನ ಕಡೆ ನೋಡಲಿಲ್ಲ.

ಭಾವ, ಇಷ್ಟೆಲ್ಲ ಓದಿ, ಕೇಳಿ, ಎದೆಯ ಚಿತ್ರ ಕಣ್ಣಾರೆ ಕಂಡು, ನಾನು ಎದುರಿಗೆ ಕೂತಿರುವಾಗಲೂ ನಿಮ್ಮ ಕೈ ಹಾಗೆ ಹೋಯಿತು. ಏನೂ ಗೊತ್ತಿಲ್ಲದ ಕಾಲದಲ್ಲಿ ಆ ಕೈ ಇನ್ನೇನು ಮಾಡಬೇಕಿತ್ತು? ಅವಳ ಕೈಯೂ ಅದೇ ಕೈ. ನಿಮಗೆ ಕಲಿಸಿದವರದ್ದೂ ಅದೇ ಕೈ. ಅವಳ ಎದೆಯೊಳಗೆ ಹೋಗಿದ್ದು ಈ ಕಸುಬಿನ ದೂಳು, ಅದು ನಿಮ್ಮ ಎದೆಗೂ ಅಷ್ಟೇ ಹೋಗಿದೆ. ನೀವು ಅವಳನ್ನು ಕೊಲ್ಲಲಿಲ್ಲ. ನಾನು ಆ ಮಾತು ಆಡಿದ್ದು ಯಾರನ್ನಾದರೂ ಹಿಡಿದು ಜಗ್ಗಬೇಕಿತ್ತು, ಹತ್ತಿರದಲ್ಲಿ ನೀವು ನಿಂತಿದ್ದಿರಿ, ಅದಕ್ಕೆ. ಆಡಿದ ಮಾತು ಆ ದೂಳಿನ ಕಣದ ಹಾಗೆ ನಿಮ್ಮೊಳಗೆ ಎರಡು ವರ್ಷ ಕರೆಯುತ್ತಲೇ ಇತ್ತು, ನಿಲ್ಲಿಸಬೇಕಾದವಳು ನಾನು ದೂರ ಕೂತಿದ್ದೆ. ಈಗ ನಿಲ್ಲಿಸಿ.

ಇದನ್ನು ಎದುರಿಗೇ ಹೇಳಬೇಕೆಂದೇ ಬಂದಿದ್ದೆ. ದಂತವೈದ್ಯರ ಕುರ್ಚಿಯಲ್ಲಿ ಕೂತು ಬಾಯಿ ತೆರೆದೆನಲ್ಲ, ಹೇಳಲೆಂದೇ ತೆರೆದೆ. ನೀವು ಎರಡು ಬೆರಳು ಒಳಗಿಟ್ಟು, “ಮಾತಾಡ್ಬೇಡ, ಕಚ್ಚು” ಎಂದಿರಿ.

ನಿಮ್ಮ,
ಬೊಚ್ಚಿ


ಅಕ್ಟೋಬರ್ ೧೧

ಬೊಚ್ಚಿಗೆ,

ಹಲ್ಲು ಬಂದ ಮೇಲೆ ಹಾಗೆ ಕರೆಯುವಂತಿಲ್ಲ, ಆದರೆ ಬೇರೆ ಹೆಸರು ನನಗೆ ರೂಢಿಯಿಲ್ಲ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಅದನ್ನು ಓದಿದೆ, ಆಮೇಲೆ ಅವಳ ಸ್ಟೂಲನ್ನು ಪಾಲಿಶ್‌ಗೆ ಕೊಟ್ಟೆ. ಅವನು ಕೂರುವ ಮೊದಲು ಒರೆಸಿದ, ಕೂತ ಮೇಲೆ ಕಣ್ಣು ಒರೆಸಿಕೊಂಡ. ನನ್ನ ಉತ್ತರ ಅಷ್ಟೇ.

ಕೆಮ್ಮು ಇದೆ. ಮೆಟ್ಟಿಲಿನ ಮಧ್ಯೆ ಈಗಲೂ ನಿಲ್ಲುತ್ತೇನೆ. ಕಳೆದ ವಾರ ಮತ್ತೆ ಊದಿಸಿದರು, ಗೆರೆ ಜೂನ್ ತಿಂಗಳಲ್ಲಿ ಮಲಗಿದ ಜಾಗದಲ್ಲೇ ಮಲಗಿತು. ಕೆಳಗಿಳಿದಿಲ್ಲ. ಡಾಕ್ಟರಿಗೆ ಅದೇ ಸಂತೋಷ.

ಹಲ್ಲು ನೋವು ಕೊಟ್ಟರೆ ಬಾ. ಕೊಡದಿದ್ದರೂ ಬಾ. ರಬ್ಬರ್ ಬಲ್ಬು ಹಿಚುಕಿ ಹಿಚುಕಿ ಹರಿದುಹೋಗಿದೆ. ಬರುವಾಗ ಇನ್ನೊಂದು ತಾ.

ನಿನ್ನ ಭಾವ